ಬೆನ್ನಿಗೆ ಕಟ್ಟಿಕೊಳ್ಳುವುದು ಆಮ್ಲಜನಕವಲ್ಲ

ಸ್ಕೂಬಾ ಡೈವಿಂಗ್, ಅಂದರೆ ಉಸಿರಾಟಕ್ಕೆ ಬೇಕಾದುದನ್ನು ತಾನೇ ಹೊತ್ತುಕೊಂಡು ನೀರಿನಡಿಯಲ್ಲಿ ಸಂಚರಿಸುವ ವಿದ್ಯೆ, ಬೆಳಗಾವಿ ಸೀಮೆಯ ಜನರಿಗೆ ಈಗ ಅಪರಿಚಿತವಲ್ಲ. ಚೋರ್ಲಾ ಘಟ್ಟ ಇಳಿದರೆ ಗೋವಾದ ಗ್ರಾಂಡ್ ದ್ವೀಪ, ಆಂಬೋಲಿ ಘಟ್ಟ ಇಳಿದರೆ ಮಾಲ್ವಣದ ತಾರ್ಕರ್ಲಿ, ಕರಾವಳಿ ಹಿಡಿದು ದಕ್ಷಿಣಕ್ಕೆ ಹೋದರೆ ಮುರ್ಡೇಶ್ವರದ ಎದುರಿನ ನೇತ್ರಾಣಿ, ಹೀಗೆ ಮೂರು ಡೈವಿಂಗ್ ತಾಣಗಳು ಒಂದು ದಿನದ ಪ್ರಯಾಣದೊಳಗೆ ಸಿಗುತ್ತವೆ. ಅಪರಿಚಿತವಾಗಿಯೇ ಉಳಿದಿರುವುದು ಸಿಲಿಂಡರಿನೊಳಗೆ ಏನಿದೆ ಎಂಬುದು. ‘ಆಕ್ಸಿಜನ್ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಸಮುದ್ರಕ್ಕೆ ಇಳಿದರು’ ಎಂಬ ವಾಕ್ಯ ಪತ್ರಿಕಾ ವರದಿಯಲ್ಲೂ, ಪ್ರವಾಸದ ವಿಡಿಯೋದಲ್ಲೂ, ವಿಚಿತ್ರವೆಂದರೆ ಸಾಗರ ಪ್ರವಾಸೋದ್ಯಮದಲ್ಲಿ ಉದ್ಯೋಗ ಹುಡುಕುವವರಿಗೆ ನೀಡುವ ಉಪದೇಶದಲ್ಲೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಮನರಂಜನೆಗಾಗಿ ಮಾಡುವ ಸಾಮಾನ್ಯ ಡೈವಿಂಗಿನ ಸಿಲಿಂಡರಿನಲ್ಲಿ ಇರುವುದು ಬೆಳಗಾವಿಯ ಖಡೇ ಬಜಾರಿನಲ್ಲಿ ನಿಂತವನು ಉಸಿರಾಡುವ ಗಾಳಿಯೇ: ಶೇ. 78ರಷ್ಟು ಸಾರಜನಕ, ಶೇ. 21ರಷ್ಟು ಆಮ್ಲಜನಕ, ಉಳಿದದ್ದು ಆರ್ಗಾನ್ ಮೊದಲಾದ ಅನಿಲಗಳು. ಕಂಪ್ರೆಸರ್ ಈ ಗಾಳಿಯನ್ನು ಸೆಳೆದು, ತೇವ ಮತ್ತು ಎಣ್ಣೆಯ ಅಂಶವನ್ನು ಸೋಸಿ, ಸುಮಾರು 11 ಲೀಟರ್ ಒಳಗಾತ್ರದ ಅಲ್ಯೂಮಿನಿಯಂ ಸಿಲಿಂಡರಿಗೆ 200 ಬಾರ್, ಅಂದರೆ ವಾತಾವರಣಕ್ಕಿಂತ ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬುವುದರಿಂದ ಅದರಲ್ಲಿ 2,200 ಲೀಟರಿನಷ್ಟು ಗಾಳಿ ಅಡಗುತ್ತದೆ. ಆ ಕಂಪ್ರೆಸರಿನ ಗಾಳಿ ಸೆಳೆಯುವ ಕೊಳವೆಯ ಬಾಯಿ ಎಲ್ಲಿದೆ, ಪಕ್ಕದ ಜನರೇಟರಿನ ಹೊಗೆ ಅತ್ತ ತೇಲಿಬರುತ್ತಿದೆಯೇ ಎಂದು ನೋಡುವುದು ಅನುಭವಿ ಡೈವರ್‌ನ ಮೊದಲ ಅಭ್ಯಾಸಗಳಲ್ಲಿ ಒಂದು. ಏಕೆಂದರೆ ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಸಿಲಿಂಡರ್ ಸೇರಿ, ಆಳದಲ್ಲಿ ಮಾರಕವಾಗುತ್ತದೆ. ಒಳಗಿರುವುದು ಆಸ್ಪತ್ರೆಯಿಂದ ಬಂದ ಆಮ್ಲಜನಕವೆಂದು ನಂಬಿದವನಿಗೆ ಆ ಕೊಳವೆಯತ್ತ ಕಣ್ಣು ಹಾಯಿಸಬೇಕೆಂದೇ ಹೊಳೆಯದು.

ಶುದ್ಧ ಆಮ್ಲಜನಕವನ್ನೇ ತುಂಬಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರೂ ಇದ್ದಾರೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತ ಹೋಗುತ್ತದೆ. ಉಸಿರಿನ ಮಿಶ್ರಣದಲ್ಲಿ ಆಮ್ಲಜನಕದ ಪಾಲಿಗೆ ಬರುವ ಒತ್ತಡ, ಅಂದರೆ ಅದರ ಆಂಶಿಕ ಒತ್ತಡ, 1.6 ಬಾರ್ ಮೀರಬಾರದೆಂಬುದು ಡೈವಿಂಗಿನ ಅಂಗೀಕೃತ ಮಿತಿ. ಶುದ್ಧ ಆಮ್ಲಜನಕ ಉಸಿರಾಡುವವನು ಕೇವಲ 6 ಮೀಟರ್ ಆಳದಲ್ಲಿ ಈ ಮಿತಿಯನ್ನು ಮುಟ್ಟುತ್ತಾನೆ. ಅದರಾಚೆ ಮುನ್ಸೂಚನೆಯಿಲ್ಲದೆ ಸೆಳವು ಬಂದು, ಬಾಯಿಯಲ್ಲಿ ಕಚ್ಚಿ ಹಿಡಿದ ರೆಗ್ಯುಲೇಟರ್ ಜಾರಿ, ಆತ ಮುಳುಗಿ ಸಾಯುವ ಸಂಭವವಿರುತ್ತದೆ. ಹೆಚ್ಚಿನ ಒತ್ತಡದ ಆಮ್ಲಜನಕ ನರಮಂಡಲಕ್ಕೆ ವಿಷವಾಗುತ್ತದೆಂಬುದನ್ನು ಫ್ರೆಂಚ್ ಶರೀರವಿಜ್ಞಾನಿ ಪಾಲ್ ಬರ್ಟ್ 1878ರಲ್ಲೇ ಪ್ರಕಟಿಸಿದ್ದಾನೆ. ನೈಟ್ರಾಕ್ಸ್ ಎಂಬ ಮಿಶ್ರಣದಲ್ಲಿ ಆಮ್ಲಜನಕವನ್ನು ಶೇ. 32ಕ್ಕೋ 36ಕ್ಕೋ ಏರಿಸುವುದುಂಟು, ಆದರೆ ಹಾಗೆ ಏರಿಸಿದಷ್ಟೂ ಇಳಿಯಬಹುದಾದ ಆಳ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಈ ತಪ್ಪು ತಿಳಿವಳಿಕೆಯನ್ನು ಕೇವಲ ಭಾಷೆಯ ಅಜಾಗರೂಕತೆಯೆಂದು ಬಿಟ್ಟುಬಿಡಬಹುದಿತ್ತು, ಆದರೆ ಅದು ಸಾರಜನಕವನ್ನು ಲೆಕ್ಕದಿಂದಲೇ ಹೊರಗಿಡುತ್ತದೆ ಎಂಬಲ್ಲಿ ತೊಂದರೆ ಇದೆ. ದೇಹ ಬಳಸಿಕೊಳ್ಳದ ಸಾರಜನಕ ಆಳದ ಒತ್ತಡದಲ್ಲಿ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿ ಸೇರಿಕೊಳ್ಳುತ್ತದೆ. ಮೇಲೆ ಬಂದ ಬಳಿಕ ಉಸಿರಿನ ಮೂಲಕ ನಿಧಾನವಾಗಿ ಹೊರಹೋಗುತ್ತದೆ. ಅದಕ್ಕೆ ಸಮಯ ಕೊಡದೆ ಒತ್ತಡವನ್ನು ಇಳಿಸಿದರೆ ಗುಳ್ಳೆಗಳಾಗಿ ಹೊಮ್ಮಿ, ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಹಲವು ಬಗೆಯಲ್ಲಿ ಕಾಡುತ್ತದೆ. ಇದಕ್ಕೆ ಡಿಕಂಪ್ರೆಷನ್ ಕಾಯಿಲೆ ಎಂದು ಹೆಸರು. ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳ ಮೇಲೆ ನಡೆಸಿದ ಪ್ರಯೋಗಗಳ ಆಧಾರದಲ್ಲಿ, ಎಷ್ಟು ಆಳದಿಂದ ಎಷ್ಟು ನಿಧಾನವಾಗಿ ಏರಬೇಕೆಂಬ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದ ಮೇಲೆ ಡೈವಿಂಗ್ ಶಿಕ್ಷಣವೆಂಬುದು ಬಹುಮಟ್ಟಿಗೆ ಸಾರಜನಕದ ಲೆಕ್ಕಾಚಾರದ ಶಿಕ್ಷಣವೇ ಆಗಿದೆ.

ಬೆಳಗಾವಿ, ಖಾನಾಪುರಗಳ ಮಟ್ಟಿಗೆ ಈ ಲೆಕ್ಕಕ್ಕೆ ವಿಶೇಷ ಮಹತ್ವವಿದೆ. ಡೈವ್ ಮಾಡಿದ ಕೂಡಲೇ ವಿಮಾನ ಹತ್ತಬಾರದೆಂಬ ನಿಯಮವನ್ನು ಪ್ರವಾಸಿಗಳು ಹೇಗೋ ಕೇಳಿರುತ್ತಾರೆ, ಆದರೆ ದೇಹಕ್ಕೆ ವಿಮಾನದ ಪರಿಚಯವಿಲ್ಲ, ಅದಕ್ಕೆ ಗೊತ್ತಿರುವುದು ಒತ್ತಡ ಮಾತ್ರ. ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್, ಅಂದರೆ 2,400 ಅಡಿಗೂ ಮೇಲೆ ಇದೆ; ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿಗಳೂ ಘಟ್ಟದ ಮೇಲಿನ ಊರುಗಳೇ. ಪಣಜಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಚೋರ್ಲಾ ಘಟ್ಟ ಏರಿ ಕಣಕುಂಬಿ ತಲುಪುವಷ್ಟರಲ್ಲಿ ಬಿಗಿದು ಉಬ್ಬಿರುವುದನ್ನು ಕಾರಿನಲ್ಲಿದ್ದವರೆಲ್ಲ ಕಾಣುತ್ತಾರೆ. ಹೊರಗಿನ ಒತ್ತಡ ಸುಮಾರು ಶೇ. 8ರಿಂದ 9ರಷ್ಟು ಇಳಿದಿದೆ ಎಂಬುದಕ್ಕೆ ಅದೇ ಸಾಕ್ಷಿ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಡೈವಿಂಗ್ ಸುರಕ್ಷತಾ ಸಂಸ್ಥೆಯ ಮಾರ್ಗಸೂಚಿ ಒಂದು ಸಾಮಾನ್ಯ ಡೈವ್ ಬಳಿಕ ಕನಿಷ್ಠ 12 ಗಂಟೆ, ಹಲವು ಡೈವ್‌ಗಳ ಬಳಿಕ 18 ಗಂಟೆ ಕಾಯಬೇಕೆನ್ನುತ್ತದೆ, ಮತ್ತು ಆ ಮಾರ್ಗಸೂಚಿ 2,000 ಅಡಿ ಎತ್ತರಕ್ಕೆ ಸಮನಾದ ಒತ್ತಡದಿಂದಲೇ ಅನ್ವಯವಾಗತೊಡಗುತ್ತದೆ. ಬೆಳಗಾವಿಯ ಮನೆಯ ಹಾಸಿಗೆಯೇ ಆ ಗೆರೆಯ ಮೇಲಿದೆ.

ಹಾಗೆಂದು ಗಾಬರಿಯೂ ಸಲ್ಲದು. ಬೋಧಕನ ಕೈ ಹಿಡಿದು ಏಳೆಂಟು ಮೀಟರ್ ಆಳದಲ್ಲಿ ಇಪ್ಪತ್ತು ನಿಮಿಷ ಕಳೆದವನ ದೇಹದಲ್ಲಿ ಸೇರುವ ಸಾರಜನಕ ಅಲ್ಪ, ಅಪಾಯವೂ ಅಲ್ಪ. ಆದರೆ ವಾರಾಂತ್ಯದಲ್ಲಿ ನಾಲ್ಕೈದು ಆಳದ ಡೈವ್ ಮುಗಿಸಿ, ಸೋಮವಾರ ಕೆಲಸಕ್ಕೆ ಹಾಜರಾಗಲು ಭಾನುವಾರ ಸಂಜೆಯೇ ಅನಮೋಡ ಅಥವಾ ಚೋರ್ಲಾ ಘಟ್ಟ ಹತ್ತುವವನು, ರಾತ್ರಿ ಕಾಣಿಸಿಕೊಳ್ಳುವ ಭುಜದ ನೋವನ್ನು ಪ್ರಯಾಣದ ದಣಿವೆಂದು ತಿಳಿದು ಎಣ್ಣೆ ತಿಕ್ಕಿ ಮಲಗುವ ಸಂಭವವೇ ಹೆಚ್ಚು. ಇಂಥ ರೋಗಿಗೆ ಕೊಡಬೇಕಾದ ಪ್ರಥಮ ಚಿಕಿತ್ಸೆ ಶುದ್ಧ ಆಮ್ಲಜನಕ. ಅದರ ಕಪ್ಪು ಮೈ, ಬಿಳಿ ಹೆಗಲಿನ ಸಿಲಿಂಡರ್ ಇರಬೇಕಾದದ್ದು ಆಸ್ಪತ್ರೆಯಲ್ಲಿ ಮತ್ತು ದೋಣಿಯ ಪ್ರಥಮ ಚಿಕಿತ್ಸೆಯ ಸಲಕರಣೆಗಳ ನಡುವೆ, ಡೈವರ್‌ನ ಬೆನ್ನಿನ ಮೇಲಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ಸ್ಥಳ ಬೇಕಾಗಿಲ್ಲ. ಈಜು ಬಾರದವರು ಪರಿಚಯಾತ್ಮಕ ಡೈವ್ ಮಾಡಬಹುದೆಂಬುದು ನಿಜ, ಆದರೆ ಬೋಧಕರಾಗಲು ಹೊರಟವರಿಗೆ ಈಜು ಅನಿವಾರ್ಯ. ಮುರ್ಡೇಶ್ವರದಲ್ಲಿ ಅರ್ಧ ದಿನ ಕಳೆದು ಪಡೆದ ಚೌಕಟ್ಟಿನ ಪ್ರಮಾಣಪತ್ರ ಪಾಲ್ಗೊಂಡದ್ದಕ್ಕೆ ಸಾಕ್ಷಿಯೇ ಹೊರತು ಅರ್ಹತೆಗಲ್ಲ. ಹವಳವೆಂಬುದು ಕಲ್ಲಲ್ಲ, ಜೀವಂತ ಪ್ರಾಣಿಗಳ ವಸಾಹತು, ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಒಂದು ತುಂಡು ಮುರಿದು ತರುವುದೂ ಅಪರಾಧ. ಸಮುದ್ರ ದೂರವಿರುವುದರಿಂದ ಖಾನಾಪುರಕ್ಕೆ ಅದರ ಗೊಡವೆಯಿಲ್ಲ ಎಂಬುದೂ ಸುಳ್ಳು; ಆ ತಾಲ್ಲೂಕಿನಲ್ಲಿ ಹುಟ್ಟುವ ಮಹಾದಾಯಿಯೇ ಮಾಂಡವಿಯಾಗಿ ಪಣಜಿಯ ಬಳಿ ಅರಬ್ಬೀ ಸಮುದ್ರ ಸೇರುವುದರಿಂದ, ಘಟ್ಟದಲ್ಲಿ ಎಸೆದ ಪ್ಲಾಸ್ಟಿಕ್ಕಿಗೆ ದಾರಿ ತೆರೆದೇ ಇದೆ.

ಈ ಕ್ಷೇತ್ರವನ್ನು ವೃತ್ತಿಯಾಗಿ ಆರಿಸಿಕೊಳ್ಳುವವರ ಕೆಲಸ ಮೀನು ತೋರಿಸುವುದಲ್ಲ, ಇಂಥ ನಂಬಿಕೆಗಳನ್ನು ನೀರಿಗಿಳಿಯುವ ಮೊದಲೇ ಕಳಚುವುದು. ಪಾಡಿ ಎಂಬ ತರಬೇತಿ ವ್ಯವಸ್ಥೆಯಲ್ಲಿ 18 ಮೀಟರ್ ಮಿತಿಯ ಓಪನ್ ವಾಟರ್ ಹಂತದಿಂದ ಹೊರಟವನು ಮುಂದುವರಿದ ಹಂತ, ರಕ್ಷಣಾ ತರಬೇತಿ ಮತ್ತು ಡೈವ್‌ಮಾಸ್ಟರ್ ಹಂತಗಳನ್ನು ದಾಟಿ, ಬೋಧಕ ಪರೀಕ್ಷೆಗೆ ಕೂರುವ ಹೊತ್ತಿಗೆ ಕನಿಷ್ಠ 100 ಡೈವ್ ಪೂರೈಸಿರಬೇಕು. ತೇಲುವಿಕೆಯ ನಿಯಂತ್ರಣ, ಅಂದರೆ ಉಸಿರಿನ ಏರಿಳಿತದಿಂದಲೇ ನೀರಿನಲ್ಲಿ ಮೇಲೇರದೆ, ಕೆಳಗಿಳಿಯದೆ ನಿಲ್ಲುವ ಕೌಶಲ ಸಿದ್ಧಿಸದವನ ಕಾಲು ಹವಳಕ್ಕೆ ತಗಲುವುದು ತಪ್ಪದು. ಆದ್ದರಿಂದ ಸುಸ್ಥಿರ ಸಾಗರ ಪ್ರವಾಸೋದ್ಯಮ ಘೋಷಣಾ ಫಲಕದಿಂದಲ್ಲ, ಈ ಕೌಶಲವನ್ನು ತಾಳ್ಮೆಯಿಂದ ಕಲಿಸುವ ಬೋಧಕನಿಂದ ಆರಂಭವಾಗುತ್ತದೆ.

ಗಾಳಿಯಲ್ಲಿ ಸಾರಜನಕವೇ ಹೆಚ್ಚೆಂದು ಪ್ರಾಥಮಿಕ ಶಾಲೆಯಲ್ಲಿ ಬರೆದು ಅಂಕ ಪಡೆದ ಸಮಾಜವೇ ದಡದ ಮೇಲೆ ನಿಂತು ಸಿಲಿಂಡರ್ ತುಂಬ ಆಮ್ಲಜನಕವಿದೆಯೆಂದು ನಂಬುವುದನ್ನು ನೋಡಿದರೆ, ಕಲಿತದ್ದು ಪರೀಕ್ಷೆಗೆ, ನಂಬುವುದು ಕೇಳಿದ್ದನ್ನು ಎಂಬ ವಿಭಜನೆ ಎಷ್ಟು ಆಳವಾಗಿದೆ ಎಂಬುದು ತಿಳಿಯುತ್ತದೆ. ಡೈವಿಂಗ್ ಕೇಂದ್ರಕ್ಕೆ ಫೋನ್ ಮಾಡುವವರು ದರ ಕೇಳುತ್ತಾರೆ, ವಿಡಿಯೋ ಕೊಡುತ್ತೀರಾ ಎಂದು ಕೇಳುತ್ತಾರೆ, ಊಟ ಸೇರಿದೆಯೇ ಎಂದೂ ವಿಚಾರಿಸುತ್ತಾರೆ. ಕಂಪ್ರೆಸರಿನ ಸೋಸುಕವನ್ನು ಯಾವಾಗ ಬದಲಿಸಿದಿರಿ, ಎಷ್ಟು ಗಂಟೆಯ ಬಳಿಕ ಘಟ್ಟ ಹತ್ತಬಹುದು ಎಂದು ಮಾತ್ರ ಕೇಳುವುದಿಲ್ಲ. ಗಿರಾಕಿ ಕೇಳದ್ದನ್ನು ವ್ಯಾಪಾರಿ ಹೇಳಬೇಕಾಗಿಯೂ ಬರುವುದಿಲ್ಲ. ಮೂಢನಂಬಿಕೆಗೆ ಜಾತಕ, ತಾಯಿತಗಳೇ ಬೇಕೆಂದಿಲ್ಲ, ಮೀಟರು ಜೋಡಿಸಿದ ಹೊಳೆಯುವ ಉಪಕರಣವೊಂದು ಎದುರಿಗಿದ್ದರೂ ಸಾಕು.