ಟ್ರೇಲರ್ ಎಳೆಯಲು ಪಿಕಪ್: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಅಡಿಕೆ ಸುಲಿಯುವ ಯಂತ್ರವನ್ನು ಟ್ರೇಲರಿನ ಮೇಲೆ ಕೂರಿಸಿಕೊಂಡು ಊರೂರು ತಿರುಗಿ ಸುಲಿದುಕೊಡುವುದು ಸಣ್ಣ ಬೆಳೆಗಾರನಿಗೆ ಒದಗಬಲ್ಲ ಒಂದು ಉಪಕಸುಬು. ಹಸಿ ಅಡಿಕೆ ಸುಲಿದು ಬೇಯಿಸುವ ಕಾಲ ಮುಗಿಯುತ್ತ ಬಂದಂತೆ ಒಣಗಿದ ಚಾಲಿಯ ಸುಲಿತ ಆರಂಭವಾಗುವುದರಿಂದ, ಇಂಥ ತಂಡಕ್ಕೆ ತಿಂಗಳುಗಟ್ಟಲೆ ದಾರಿಯೇ ಊರು, ಗಾಡಿಯೇ ಮನೆ. ಯಂತ್ರದ ಜೊತೆಗೆ ಹಾಸಿಗೆ, ಒಲೆ, ನೀರಿನ ಡ್ರಮ್ಮು, ತಾಡಪಾಲು ಎಲ್ಲವೂ ಹೊರಡಬೇಕು. ಹೀಗೆ ಸುಗ್ಗಿಯ ಉದ್ದಕ್ಕೂ ಟ್ರೇಲರ್ ಎಳೆಯುವವರು ಪಿಕಪ್ ಗಾಡಿಯನ್ನು ಹೇಗೆ ಆರಿಸಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಲಸಿಯ ಕಡೆಯ ಒಬ್ಬ ಬೆಳೆಗಾರನನ್ನು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಕದಂಬರ ಕಾಲದಲ್ಲಿ ಪಲಾಶಿಕೆ ಎನಿಸಿದ್ದ ಈ ಊರು ಖಾನಾಪುರ ತಾಲೂಕಿನಲ್ಲಿ ಬಯಲೂ ಕಾಡೂ ಕೂಡುವ ಕಡೆ ಇದೆ. ಇಲ್ಲಿಂದ ನಂದಗಡ, ಖಾನಾಪುರ, ಲೋಂಡಾ, ರಾಮನಗರದ ಮೇಲೆ ಜೋಯಿಡಾ ಸೀಮೆಗೆ ಹೋಗಬಹುದು. ಮುಂದೆ ಯಲ್ಲಾಪುರ, ಶಿರಸಿಯವರೆಗೂ ಕೆಲಸವಿರುತ್ತದೆ. ಊರೊಳಗಿನ ಓಣಿ, ತೋಟದ ಮಣ್ಣುರಸ್ತೆ, ಹೆದ್ದಾರಿ, ಘಟ್ಟದ ಇಳಿಜಾರು, ಈ ನಾಲ್ಕನ್ನೂ ಒಂದೇ ಗಾಡಿ ದಾಟಬೇಕು.

ಮೊದಲು ಟ್ರೇಲರ್, ಆಮೇಲೆ ಗಾಡಿ

ಸಾಮಾನ್ಯವಾಗಿ ನಮ್ಮವರು ಮೊದಲು ಗಾಡಿ ಕೊಳ್ಳುತ್ತಾರೆ, ಆಮೇಲೆ ಅದರ ಹಿಂದೆ ಏನು ಕಟ್ಟಬಹುದೆಂದು ಯೋಚಿಸುತ್ತಾರೆ. ಕ್ರಮ ಇದಕ್ಕೆ ತಿರುಗಾಗಿರಬೇಕು. ಸುಗ್ಗಿಗೆ ಹೊರಡುವಾಗ ಹೇಗಿರುತ್ತದೋ ಹಾಗೆಯೇ ಟ್ರೇಲರನ್ನು ತುಂಬಿ ವೇ ಬ್ರಿಡ್ಜಿಗೆ ಒಯ್ದು ತೂಕ ಮಾಡಿಸಿ ಚೀಟಿ ಪಡೆಯಿರಿ. ಅಂದಾಜಿನ ತೂಕ ಬಹುಪಾಲು ಕಡಿಮೆಯೇ ಇರುತ್ತದೆ. 200 ಲೀಟರಿನ ಒಂದು ಡ್ರಮ್ಮು ನೀರು ಎಂದರೆ 200 ಕಿಲೋ ಎಂಬುದು ಎಷ್ಟೋ ಸಲ ನೆನಪಾಗುವುದಿಲ್ಲ.

ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ, ಹಿಂಭಾರದ ಮಾತು ಹೊಸದಲ್ಲ. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಟ್ರೇಲರಿನಲ್ಲಿಯೂ ಇದೇ ನ್ಯಾಯ. ಒಂದು ಅಚ್ಚಿನ ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೂಲಕ ಗಾಡಿಯ ಹುಕ್ಕಿನ ಮೇಲೆ ಕೂರಬೇಕು. ಇದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಅತ್ತಿತ್ತ ಆಡತೊಡಗುತ್ತದೆ. ಒಮ್ಮೆ ಹಾಗೆ ಆಡಲು ಹತ್ತಿದರೆ ಮುಂದಿನ ಗಾಡಿಯನ್ನೂ ರಸ್ತೆಯಿಂದ ಎಳೆದುಹಾಕಬಲ್ಲದು. ಆದುದರಿಂದ ಭಾರದ ಯಂತ್ರವನ್ನು ಟ್ರೇಲರಿನ ಹಿಂತುದಿಯಲ್ಲಿ ಎಂದಿಗೂ ಕೂರಿಸಬಾರದು. ಅಚ್ಚಿಗಿಂತ ತುಸು ಮುಂದಕ್ಕೆ ಬರುವಂತೆ ಕೂರಿಸಬೇಕು.

ಗಾಡಿ ಹೊರುವ ಭಾರದ ಲೆಕ್ಕ

ಆರ್.ಸಿ. ಪುಸ್ತಕದಲ್ಲಿ ಖಾಲಿ ತೂಕ ಮತ್ತು ಭಾರಸಹಿತ ಒಟ್ಟು ತೂಕ ಎಂಬ ಎರಡು ಅಂಕಿಗಳಿರುತ್ತವೆ. ಇವೆರಡರ ವ್ಯತ್ಯಾಸವೇ ಗಾಡಿ ಹೊರಬಹುದಾದ ಭಾರ. ಚಾಲಕನ ತೂಕ ಖಾಲಿ ತೂಕದಲ್ಲಿ ಸೇರಿರುವುದಿಲ್ಲ. ಹುಕ್ಕಿನ ಮೇಲೆ ಕೂರುವ ಭಾರವನ್ನೂ ಹೊರುವ ಭಾರದಲ್ಲಿಯೇ ಹಿಡಿಯಬೇಕು. ಇದನ್ನು ಮರೆಯುವವರೇ ಹೆಚ್ಚು.

ಲೆಕ್ಕಕ್ಕಾಗಿ ಖಾಲಿ ತೂಕ 1,700 ಕಿಲೋ, ಒಟ್ಟು ತೂಕ 3,000 ಕಿಲೋ ಇರುವ ಗಾಡಿಯನ್ನು ತೆಗೆದುಕೊಳ್ಳೋಣ. ಹೊರಬಹುದಾದದ್ದು 1,300 ಕಿಲೋ. ಟ್ರೇಲರಿನ ಸ್ವಂತ ತೂಕ 500, ಯಂತ್ರ ಮತ್ತು ಎಂಜಿನ್ 600, ಸಂಸಾರದ ಸಾಮಾನು ಮತ್ತು ನೀರು 300, ಒಟ್ಟು 1,400 ಕಿಲೋ ಎಂದಿರಲಿ. ನೂರಕ್ಕೆ 12ರಂತೆ ಹುಕ್ಕಿನ ಭಾರ ಸುಮಾರು 170 ಕಿಲೋ. ಐದು ಮಂದಿ 300 ಕಿಲೋ, ಹತಾರ ಮತ್ತು ಹೆಚ್ಚಿನ ಚಕ್ರ 100 ಕಿಲೋ. ಇಲ್ಲಿಗೇ 570 ಕಿಲೋ ಆಯಿತು. ಉಳಿದದ್ದು 730 ಕಿಲೋ, ಅಂದರೆ 50 ಕಿಲೋದ 14 ಚೀಲ. ಸುಲಿತ ಮುಗಿದ ಮೇಲೆ ತೋಟದ ಯಜಮಾನರು “ಹೇಗೂ ಪೇಟೆಯ ಕಡೆ ಹೋಗುತ್ತೀರಿ, 30 ಚೀಲ ಹಾಕಿಕೊಂಡು ಹೋಗಿ” ಎಂದರೆ ಒಪ್ಪಬಾರದು. ಬಾಡಿಯಲ್ಲಿ ಜಾಗವಿದ್ದ ಮಾತ್ರಕ್ಕೆ ಅಚ್ಚಿಗೆ ಶಕ್ತಿ ಬರುವುದಿಲ್ಲ.

ಇನ್ನೊಂದು ಸಂಗತಿ. ಹುಕ್ಕು ಹಿಂದಿನ ಅಚ್ಚಿಗಿಂತಲೂ ಹಿಂದೆ ಇರುವುದರಿಂದ ಅಲ್ಲಿ ಸನ್ನೆಕೋಲಿನ ಪರಿಣಾಮವುಂಟು. ಎರಡು ಅಚ್ಚುಗಳ ನಡುವೆ 3 ಮೀಟರು, ಹಿಂದಿನ ಅಚ್ಚಿನಿಂದ ಹುಕ್ಕಿಗೆ 1.2 ಮೀಟರು ಇದ್ದರೆ, 170 ಕಿಲೋ ಭಾರ ಹಿಂದಿನ ಅಚ್ಚಿಗೆ 238 ಕಿಲೋ ಆಗಿ ಬೀಳುತ್ತದೆ. ಮುಂದಿನ ಚಕ್ರಗಳು 68 ಕಿಲೋ ಹಗುರಾಗುತ್ತವೆ. ಮುಂದಿನ ಚಕ್ರ ಹಗುರಾದಷ್ಟೂ ಸ್ಟೀರಿಂಗಿನ ಹಿಡಿತ ಸಡಿಲ. ಎರಡು ಅಚ್ಚುಗಳ ನಡುವೆ ಅಂತರ ಹೆಚ್ಚಿರುವ, ಹಿಂಬದಿಯ ಚಾಚು ಕಡಿಮೆಯಿರುವ ಗಾಡಿ ಎಳೆಯುವುದಕ್ಕೆ ಒಳ್ಳೆಯದು. ಓಣಿಯ ತಿರುವಿಗೆ ಉದ್ದದ ಗಾಡಿ ತೊಡಕೆಂಬುದು ನಿಜ. ನಿಮ್ಮೂರಿನ ಅತಿ ಇಕ್ಕಟ್ಟಾದ ತಿರುವನ್ನು ಅಳೆದು ನೋಡಿಯೇ ನಿರ್ಧರಿಸಿರಿ.

ಏರುವುದಕ್ಕಿಂತ ಇಳಿಯುವುದು ಕಠಿಣ

ಮಾರಾಟಗಾರರು ಅಶ್ವಶಕ್ತಿಯ ಮಾತನ್ನೇ ಆಡುತ್ತಾರೆ. ಮೇಲಿನ ಉದಾಹರಣೆಯಲ್ಲಿ ಗಾಡಿ, ಜನ, 14 ಚೀಲ ಮತ್ತು ಟ್ರೇಲರ್ ಸೇರಿ 4,200 ಕಿಲೋ ಆಗುತ್ತದೆ. 12 ಅಡಿಗೆ 1 ಅಡಿ ಏರುವ ರಸ್ತೆಯಲ್ಲಿ ಏರಿಗಾಗಿಯೇ ಸುಮಾರು 350 ಕಿಲೋದ ಸೆಳೆತ ಬೇಕು. ಇದಕ್ಕೆ ಬೇಕಾದದ್ದು ಕಡಿಮೆ ಸುತ್ತಿನಲ್ಲಿಯೇ ಎಳೆಯುವ ಡೀಸೆಲ್ ಎಂಜಿನ್ ಮತ್ತು ತಗ್ಗಿನ ಮೊದಲ ಗೇರು. ಇವೆರಡಿದ್ದರೆ ಗಾಡಿ ನಿಧಾನವಾಗಿಯಾದರೂ ಏರುತ್ತದೆ. ಏರದಿದ್ದರೆ ನಿಲ್ಲುತ್ತದೆ, ಅಷ್ಟೇ.

ಇಳಿಯುವಾಗ ಹಾಗಲ್ಲ. 4,200 ಕಿಲೋ ಭಾರ 500 ಮೀಟರು ಕೆಳಗಿಳಿದರೆ ಹುಟ್ಟುವ ಶಕ್ತಿ, 60 ಲೀಟರಿಗೂ ಹೆಚ್ಚು ನೀರನ್ನು ಕುದಿಸುವಷ್ಟು. ಬಚ್ಚಲಮನೆಯ ದೊಡ್ಡ ಹಂಡೆಯೊಂದನ್ನು ಕುದಿಸುವ ಬೆಂಕಿಯೆಲ್ಲ ಬ್ರೇಕಿನ ಡ್ರಮ್ಮಿನಲ್ಲಿಯೇ ಹತ್ತಿಕೊಂಡರೆ ಏನಾಗುವುದೆಂದು ಊಹಿಸಿರಿ. ಕಾದ ಬ್ರೇಕು ಹಿಡಿಯುವುದಿಲ್ಲ. ಲೋಂಡಾ ಕಡೆಯಿಂದ ಗೋವೆಗಿಳಿಯುವ ಅನಮೋಡ ಘಟ್ಟ, ಜಾಂಬೋಟಿಯ ಮೇಲೆ ಹೋಗುವ ಚೋರ್ಲಾ ಘಟ್ಟ, ಯಲ್ಲಾಪುರದಿಂದ ಅಂಕೋಲೆಗಿಳಿಯುವ ಅರಬೈಲ್ ಘಟ್ಟ, ಶಿರಸಿಯಿಂದ ಕುಮಟೆಗಿಳಿಯುವ ದೇವಿಮನೆ ಘಟ್ಟ, ಇವುಗಳಲ್ಲಿ ಯಾವುದನ್ನು ಇಳಿಯುವುದಿದ್ದರೂ ಈ ಕೆಳಗಿನವು ಕಡ್ಡಾಯ.

1. ಟ್ರೇಲರಿಗೆ ಅದರದೇ ಬ್ರೇಕು ಇರಬೇಕು. ಗಾಡಿ ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ತಳ್ಳುವ ಒತ್ತಡದಿಂದಲೇ ತನ್ನ ಬ್ರೇಕನ್ನು ಹಿಡಿಯುವ ವ್ಯವಸ್ಥೆ ಸರಳವಾದದ್ದು.

2. ಹುಕ್ಕು ಗಾಡಿಯ ಚಾಸಿಗೆ ಬೋಲ್ಟಿನಿಂದ ಬಿಗಿದಿರಬೇಕು. ಬಂಪರಿಗೆ ಬೆಸುಗೆ ಹಾಕಿದ ಹುಕ್ಕನ್ನು ನಂಬಬಾರದು. ಹುಕ್ಕಿನ ಜೊತೆಗೆ ಎರಡು ಸರಪಳಿಗಳನ್ನು ಅಡ್ಡಡ್ಡವಾಗಿ ಕಟ್ಟಬೇಕು.

3. ಏರುವಾಗ ಯಾವ ಗೇರು ಬೇಕೋ, ಇಳಿಯುವಾಗ ಅದೇ ಗೇರು ಅಥವಾ ಅದಕ್ಕಿಂತ ಒಂದು ಕೆಳಗಿನದು. ನ್ಯೂಟ್ರಲಿನಲ್ಲಿ ಇಳಿಸಿ ಡೀಸೆಲ್ ಉಳಿಸುವ ಚಾಳಿ ಪ್ರಾಣಕ್ಕೆ ಎರವಾಗುತ್ತದೆ.

4. ವೇಗ ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ.

ಹೆಚ್ಚಿನ ಪಟ್ಟಿ ಹಾಕಿಸಿ ಕಮಾನು ಗಟ್ಟಿ ಮಾಡಿಸಿದರೆ ಗಾಡಿಯ ಬೆನ್ನು ಬಾಗುವುದು ನಿಲ್ಲುತ್ತದೆ. ಆದರೆ ಅಚ್ಚು, ಟಯರು, ಬ್ರೇಕುಗಳ ಸಾಮರ್ಥ್ಯ ಇದ್ದಷ್ಟೇ ಇರುತ್ತದೆ.

ಒಂದು ಸಾಲೋ, ಎರಡು ಸಾಲೋ?

ಓಡುವ ಟ್ರೇಲರಿನಲ್ಲಾಗಲಿ, ಸಾಮಾನಿನ ಬಾಡಿಯಲ್ಲಾಗಲಿ ಆಳುಗಳನ್ನು ಕೂರಿಸುವುದು ಕಾನೂನಿಗೂ ವಿಮೆಗೂ ವಿರುದ್ಧ. ಒಂದು ಸಾಲಿನ ಪಿಕಪ್ಪಿನಲ್ಲಿ ಚಾಲಕನ ಜೊತೆ ಒಬ್ಬಿಬ್ಬರು ಮಾತ್ರ ಕೂರಬಹುದು. ತಂಡದಲ್ಲಿ ನಾಲ್ಕೈದು ಮಂದಿ ಇದ್ದರೆ ಬೊಲೆರೊ ಕ್ಯಾಂಪರಿನಂಥ ಎರಡು ಸಾಲಿನ ಗಾಡಿಯೇ ಸರಿ. ಬಾಡಿ ಚಿಕ್ಕದಾಗುತ್ತದೆ, ಹೊರುವ ಭಾರವೂ ಇಳಿಯುತ್ತದೆ. ಆ ನಷ್ಟವನ್ನು ಒಪ್ಪಿಕೊಳ್ಳಬೇಕು. ಟ್ರೇಲರ್ ಪಲ್ಟಿಯಾದಾಗ ಅದರೊಳಗೆ ಇದ್ದವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ನಾಲ್ಕು ಚಕ್ರಕ್ಕೂ ಸೆಳೆತವಿರುವ ಗಾಡಿ ಮಳೆಗಾಲದ ಕೆಂಪು ಜಿಗುಟಿನಲ್ಲಿ ಅನುಕೂಲ. ಆದರೆ ಸುಲಿತದ ಕಾಲ ಬಹುಮಟ್ಟಿಗೆ ಒಣಗಾಲ. ಹುಕ್ಕಿನ ಭಾರ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಆದುದರಿಂದ ಹೆಚ್ಚಿನವರಿಗೆ ಹಿಂಚಕ್ರದ ಸೆಳೆತವೇ ಸಾಕು. ಉಳಿದ ಹಣವನ್ನು ಒಳ್ಳೆಯ ಟಯರಿಗೂ ಟ್ರೇಲರಿನ ಬ್ರೇಕಿಗೂ ಹಾಕುವುದು ಲೇಸು.

ಕಾಗದಪತ್ರ

1988ರ ಮೋಟಾರು ವಾಹನ ಕಾಯಿದೆಯ 61ನೆಯ ಕಲಮಿನಂತೆ ಟ್ರೇಲರಿಗೂ ಬೇರೆ ವಾಹನಗಳಂತೆಯೇ ನೋಂದಣಿ ಬೇಕು. ವಿಮಾ ಪತ್ರದಲ್ಲಿ ಟ್ರೇಲರಿನ ಉಲ್ಲೇಖವಿದೆಯೇ ಎಂದು ಓದಿ ನೋಡಿರಿ. ಮಿತಿಮೀರಿದ ಭಾರಕ್ಕೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. 7,500 ಕಿಲೋದೊಳಗಿನ ಸಾಗಣೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲಿಯೇ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿದೆ. ಗಾಡಿಯ ಕೈಪಿಡಿಯಲ್ಲಿ ಎಳೆಯಬಹುದಾದ ಭಾರವನ್ನು ನಮೂದಿಸಿದೆಯೇ ನೋಡಿರಿ. ಇಲ್ಲವಾದರೆ ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. “ಎಳೆಯುತ್ತೆ ಬಿಡ್ರಿ” ಎಂಬ ಮಾರಾಟಗಾರನ ಬಾಯಿಮಾತು ಅಪಘಾತದ ನಂತರ ಸಾಕ್ಷಿಗೆ ಬರುವುದಿಲ್ಲ.

ಟ್ರೇಲರ್ ಬೇಕೇ ಬೇಕೇ?

ಕೊನೆಯದಾಗಿ, ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ. ಯಂತ್ರ, ಸಾಮಾನು, ಜನ ಎಲ್ಲವೂ ಗಾಡಿಯ ಹೊರುವ ಮಿತಿಯೊಳಗೆ ಕೂರುವಂತಿದ್ದರೆ ಟ್ರೇಲರನ್ನೇ ಬಿಟ್ಟುಬಿಡಿ. ಎರಡು ಟಯರು, ಒಂದು ಅಚ್ಚು, ಒಂದು ನೋಂದಣಿ ಉಳಿಯಿತು. ತಿರುಗುವುದು ಹತ್ತಾರು ಮೈಲಿಯೊಳಗೆ ಮಾತ್ರವಾದರೆ ಮನೆಯ ಟ್ರ್ಯಾಕ್ಟರೇ ಸಾಕಾದೀತು. ತಂಗುವ ಕಡೆ ಟ್ರೇಲರ್ ಬಿಚ್ಚಿಟ್ಟು ಗಾಡಿಯನ್ನು ಬೇರೆ ಬಾಡಿಗೆಗೆ ಓಡಿಸುವವರಿಗೆ ಮಾತ್ರ ಪಿಕಪ್ ಮತ್ತು ಟ್ರೇಲರಿನ ಜೋಡಿ ನಿಜವಾಗಿ ಲಾಭ. ಸುಲಿತ ವರ್ಷದಲ್ಲಿ ಕೆಲವೇ ತಿಂಗಳು, ಸಾಲದ ಕಂತು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ. ಉಳಿದ ತಿಂಗಳು ಗೊಬ್ಬರ, ತರಕಾರಿ, ಗೇರು ಸಾಗಿಸಿ ಗಾಡಿ ತನ್ನ ಅನ್ನ ತಾನು ದುಡಿಯುವಂತಿರಬೇಕು.

ಬೆಳಗಾವಿಗೆ ಗಾಡಿ ನೋಡಲು ಹೊರಡುವ ಮುನ್ನ ಒಂದು ಚೀಟಿಯಲ್ಲಿ ಐದು ಸಂಗತಿ ಬರೆದುಕೊಳ್ಳಿರಿ: ತುಂಬಿದ ಟ್ರೇಲರಿನ ತೂಕ, ಹುಕ್ಕಿನ ಭಾರ, ತಂಡದ ಜನ ಎಷ್ಟು, ಇಳಿಯಬೇಕಾದ ಘಟ್ಟ ಯಾವುದು, ತಿಂಗಳಿಗೆ ಕಟ್ಟಬಲ್ಲ ಕಂತು ಎಷ್ಟು. ಆ ಚೀಟಿಗೆ ಒಪ್ಪುವ ಗಾಡಿಯನ್ನೇ ಕೊಳ್ಳಿರಿ. ಗಾಡಿಗೆ ಒಪ್ಪುವಂತೆ ಚೀಟಿಯನ್ನು ತಿದ್ದಬೇಡಿ.