ತಿಳಿಯಾದ ನೀರು, ಉಳಿದ ರಾಡಿ

ಪಾದೋದಕವನ್ನು ಅಷ್ಟಾವರಣಗಳಲ್ಲಿ ಒಂದೆಂದು ಭಾವಿಸುವ ಪರಂಪರೆ ನಮ್ಮದು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರನ್ನು ಇಂದಿಗೂ ನಾವು ಭಕ್ತಿಯಿಂದ ನೆನೆಯುತ್ತೇವೆ. ಆದರೆ ಈ ಕಾಲದಲ್ಲಿ ಕೆರೆ ತುಂಬುವ ನೀರು ಮಳೆಯದೇ ಆಗಿರಬೇಕೆಂದಿಲ್ಲ. ಬೆಂಗಳೂರಿನ ಬಚ್ಚಲು, ಅಡುಗೆಮನೆ, ಶೌಚಾಲಯಗಳಿಂದ ಹರಿದುಹೋದ ನೀರು ಶುದ್ಧೀಕರಣ ಘಟಕಗಳನ್ನು ಹಾದು 2018ರ ಜೂನ್ ತಿಂಗಳಿನಿಂದ ಕೋಲಾರ ಜಿಲ್ಲೆಯ ಕೆರೆಗಳನ್ನು ಸೇರತೊಡಗಿದೆ. ಅದು ಕೆ.ಸಿ. ವ್ಯಾಲಿ ಯೋಜನೆಯೆಂದು ಮನೆಮಾತಾಗಿರುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ. ದಿನವೊಂದಕ್ಕೆ 44 ಕೋಟಿ ಲೀಟರು ನೀರನ್ನು ಎತ್ತಿ 126 ಕೆರೆಗಳಿಗೆ ಹರಿಸುವುದು ಅದರ ಗುರಿ.

ಕೋಲಾರದ ಕಷ್ಟವನ್ನು ಬಲ್ಲವರು ಈ ಯೋಜನೆಯನ್ನು ಹಗುರವಾಗಿ ತಳ್ಳಿಹಾಕಲಾರರು. ಅಲ್ಲಿ ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲ. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಗಳುಂಟು. ಕಂಡರೂ ಎಷ್ಟೋ ಕಡೆ ಅದರಲ್ಲಿ ಫ್ಲೋರೈಡು. ಹೀಗಿರುವಾಗ ಬತ್ತಿದ ಕೆರೆಗೆ ನೀರು ಬಂದಾಗ ಜನ ಪೂಜೆ ಸಲ್ಲಿಸಿ ಬರಮಾಡಿಕೊಂಡುದು ಸಹಜವೇ. ಕೆರೆ ತುಂಬಿದಂತೆ ಸುತ್ತಲ ಕೊಳವೆಬಾವಿಗಳಲ್ಲಿಯೂ ನೀರು ಮೇಲೆ ಬಂದಿತು. ಆದರೆ ಅದೇ ವರ್ಷದ ಜುಲೈ ತಿಂಗಳಿನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು. ವಿಷಯ ಉಚ್ಚ ನ್ಯಾಯಾಲಯದ ಮುಂದೆ ಹೋಯಿತು, ನೀರಿನ ಹರಿವು ಕೆಲಕಾಲ ನಿಂತಿತು. ಮುಂದೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದ ಈ ವ್ಯಾಜ್ಯದ ತಿರುಳಿನಲ್ಲಿದ್ದ ಪ್ರಶ್ನೆ ಒಂದೇ: ಎರಡನೆಯ ಹಂತದವರೆಗೆ ಮಾತ್ರ ಶುದ್ಧಗೊಂಡ ನೀರು ಸಾಕೆ, ಮೂರನೆಯ ಹಂತವೂ ಬೇಕೆ?

ಈ ಹಂತಗಳೆಂದರೇನು ಎಂಬುದನ್ನು ಮೊದಲು ತಿಳಿಯೋಣ. ಮೊದಲ ಹಂತದಲ್ಲಿ ಕಸಕಡ್ಡಿ, ಮರಳು, ತಳಕ್ಕೆ ಇಳಿಯುವ ಘನಪದಾರ್ಥಗಳು ಬೇರೆಯಾಗುತ್ತವೆ. ಎರಡನೆಯ ಹಂತದಲ್ಲಿ ನೀರಿಗೆ ಗಾಳಿಯನ್ನು ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಾರೆ. ಕೊಳೆಯುವ ಪದಾರ್ಥವೇ ಅವುಗಳ ಆಹಾರ. ಹೊಟ್ಟೆ ತುಂಬಿದ ಈ ಜೀವಿರಾಶಿ ತಳಕ್ಕಿಳಿದು ರಾಡಿಯಾಗುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ. ಕಣ್ಣಿಗೆ ತಿಳಿ, ಮೂಗಿಗೂ ವಾಸನೆಯಿಲ್ಲ. ಆದರೆ ಮಲಮೂತ್ರಗಳಿಂದಲೂ ಸಾಬೂನುಪುಡಿಗಳಿಂದಲೂ ಬಂದ ಸಾರಜನಕ ಮತ್ತು ರಂಜಕಗಳಲ್ಲಿ ಬಹುಪಾಲು ಆ ತಿಳಿನೀರಿನಲ್ಲೇ ಕರಗಿ ಉಳಿದಿರುತ್ತವೆ. ಹೊಲದಲ್ಲಿ ಇವು ಗೊಬ್ಬರ. ಕೆರೆಯಲ್ಲಿಯೂ ಗೊಬ್ಬರವೇ, ಆದರೆ ಅಲ್ಲಿ ಬೆಳೆಯುವುದು ಜೊಂಡು ಮತ್ತು ಪಾಚಿ. ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ಯಕೃತ್ತಿಗೆ ಮಾರಕವಾದ ವಿಷವನ್ನು ಬಿಡುತ್ತವೆ. ಅಂಥ ನೀರು ಕುಡಿದ ದನಕರುಗಳು ಸಾಯುವುದೂ ಉಂಟು. ನಗರದ ಕೊಳಚೆ ಕೆರೆಯನ್ನು ಎಲ್ಲಿಗೆ ತಂದು ನಿಲ್ಲಿಸಬಹುದೆಂಬುದಕ್ಕೆ ಬೆಳ್ಳಂದೂರು ಕೆರೆ ಸಾಕ್ಷಿ. 2015ರಲ್ಲಿ ಅದರ ನೊರೆಗೇ ಬೆಂಕಿ ಹೊತ್ತಿಕೊಂಡುದನ್ನು ನಾವಾರೂ ಮರೆತಿಲ್ಲ.

ಕಾನೂನಿನ ಅಳತೆಗೋಲು ಈ ವಿಷಯದಲ್ಲಿ ಒಂದೇ ರೀತಿ ಇಲ್ಲ. ಕೇಂದ್ರ ಪರಿಸರ ಸಚಿವಾಲಯವು 2017ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಮಹಾನಗರಗಳ ಘಟಕದಿಂದ ಹೊರಬರುವ ನೀರಿನ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 20 ಮಿಲಿಗ್ರಾಮಿನವರೆಗೆ ಇರಬಹುದು. ಸಾರಜನಕ, ರಂಜಕಗಳಿಗೆ ಅದರಲ್ಲಿ ಮಿತಿಯೇ ಇರಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಏಪ್ರಿಲಿನಲ್ಲಿ ಇದನ್ನು ಒಪ್ಪದೆ, ಆ ಬೇಡಿಕೆ 10 ಮಿಲಿಗ್ರಾಮು, ಒಟ್ಟು ಸಾರಜನಕ 10, ರಂಜಕ 1 ಎಂಬ ಕಠಿಣ ಮಿತಿಯನ್ನು ವಿಧಿಸಿತು. ಹಳೆಯ ಘಟಕಗಳನ್ನು ಮೇಲ್ದರ್ಜೆಗೇರಿಸಬೇಕೆಂಬ ಒತ್ತಾಯಕ್ಕೆ ಇದೊಂದು ಮುಖ್ಯ ಕಾರಣ.

ಮೇಲ್ದರ್ಜೆಗೇರಿಸುವುದು ಒಳ್ಳೆಯದೇ, ಅದರಲ್ಲಿ ನಮಗೆ ಸಂಶಯವಿಲ್ಲ. ನಮ್ಮ ಸಂಶಯವೆಲ್ಲ ಲೆಕ್ಕವನ್ನು ಎಲ್ಲಿಗೆ ನಿಲ್ಲಿಸುತ್ತಾರೆಂಬುದರಲ್ಲಿ. ಪರಿಸರ ಪರಿಣಾಮದ ಅಂದಾಜು ಎಂದೊಡನೆ ಸಾಮಾನ್ಯವಾಗಿ ಹೊರಬರುವ ನೀರಿನ ಪರೀಕ್ಷಾ ವರದಿಯನ್ನು ಮುಂದಿಡುತ್ತಾರೆ. ನೀರಿನಿಂದ ತೆಗೆದ ಹೊಲಸು ಮಾಯವಾಗುವುದಿಲ್ಲ. ಒಂದಿಷ್ಟು ಗಾಳಿಗೆ ಹೋಗುತ್ತದೆ, ಉಳಿದದ್ದು ರಾಡಿಯಲ್ಲಿ ಕೂಡುತ್ತದೆ. ನೀರು ಹೆಚ್ಚು ತಿಳಿಯಾದಷ್ಟೂ ಈ ಎರಡು ಕಡೆಯ ಲೆಕ್ಕ ಬೆಳೆಯುತ್ತದೆ.

ರಂಜಕವನ್ನೇ ನೋಡಿ. ಸ್ಫಟಿಕ ಅಥವಾ ಕಬ್ಬಿಣದ ಲವಣವನ್ನು ಬೆರೆಸಿದರೆ ಅದು ಗಂಟುಕಟ್ಟಿ ತಳಕ್ಕೆ ಇಳಿಯುತ್ತದೆ. ಉಪಾಯ ಸುಲಭ, ಆದರೆ ಘಟಕದ ರಾಡಿ ಇದರಿಂದ ಗಣನೀಯವಾಗಿ ಹೆಚ್ಚುತ್ತದೆ. ಈ ರಾಡಿಯಲ್ಲಿ ಗೊಬ್ಬರದ ಸತ್ವವಿದೆ ಎಂಬುದು ನಿಜ. ಜೊತೆಗೆ ಕಾರ್ಖಾನೆಗಳ ನೀರು ಚರಂಡಿಗೆ ಸೇರಿದ್ದರೆ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂಗಳೂ ಇರುತ್ತವೆ. ಜಂತುಹುಳುಗಳ ತತ್ತಿಗಳಂತೂ ಇದ್ದೇ ಇರುತ್ತವೆ. ದುಂಡುಹುಳುವಿನ ತತ್ತಿ ಗಟ್ಟಿ ಕವಚದ್ದು; ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವಂತವಾಗಿರಬಲ್ಲದು, ಕ್ಲೋರಿನ್ನಿಗೂ ಬಗ್ಗುವುದಿಲ್ಲ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಸೌತೆಗಳಿಗೆ ಹಾಯಿಸುವ ಇಂಥ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಜಂತುತತ್ತಿ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿಯೇ ಸೂಚಿಸಿದೆ. ಸರಿಯಾಗಿ ಬಿಸಿಗೊಳಿಸದ, ಒಣಗಿಸದ ರಾಡಿಯನ್ನು ಅಗ್ಗದ ಗೊಬ್ಬರವೆಂದು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಸಿದರೆ, ನಗರದಲ್ಲಿ ನೀರಿನಿಂದ ಬೇರ್ಪಡಿಸಿದ ರೋಗವನ್ನು ಹಳ್ಳಿಯ ಮಕ್ಕಳ ಹೊಟ್ಟೆಗೆ ನಾವೇ ಸಾಗಿಸಿದಂತೆ. ದಿನಕ್ಕೆ ಎಷ್ಟು ರಾಡಿ, ಅದನ್ನು ಹೇಗೆ ಹದಗೊಳಿಸುತ್ತಾರೆ, ಯಾರು ಪರೀಕ್ಷಿಸುತ್ತಾರೆ, ಕೊನೆಗೆ ಯಾವ ಊರಿಗೆ ಹೋಗುತ್ತದೆ? ಇದಕ್ಕೆ ಉತ್ತರವಿಲ್ಲದ ವರದಿ ಎಷ್ಟೇ ದಪ್ಪವಾಗಿರಲಿ, ಅದು ಅಪೂರ್ಣ.

ಗಾಳಿಯ ಪಾಲೂ ಚಿಕ್ಕದಲ್ಲ. ಇಂಥ ಘಟಕ ಬಳಸುವ ವಿದ್ಯುತ್ತಿನಲ್ಲಿ ಸುಮಾರು ಅರ್ಧದಷ್ಟು ನೀರಿಗೆ ಗಾಳಿ ಊದುವುದಕ್ಕೇ ವೆಚ್ಚವಾಗುತ್ತದೆ. ಸಾರಜನಕವನ್ನು ತೆಗೆಯಹೊರಟರೆ ಅದು ಇನ್ನೂ ಏರುತ್ತದೆ. ಆ ಕ್ರಿಯೆಯಲ್ಲಿ ಹುಟ್ಟುವ ನೈಟ್ರಸ್ ಆಕ್ಸೈಡು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುವ ಅನಿಲ. ರಾಡಿಯನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿ ಬರುವ ಮೀಥೇನಿನಿಂದ ವಿದ್ಯುತ್ತು ತಯಾರಿಸಿದರೆ ಈ ಹೊರೆಯಲ್ಲಿ ಒಂದು ಭಾಗ ಇಳಿಯುತ್ತದೆ. ನಮ್ಮ ಮನೆಗಳ ಗೋಬರ್ ಗ್ಯಾಸಿನ ತತ್ತ್ವವೇ ಇದು.

ಹೆಚ್ಚಿನ ವರದಿಗಳು ಅವಸರದಲ್ಲಿ ದಾಟಿಹೋಗುವುದು ನಿರ್ಮಾಣದ ಅವಧಿಯನ್ನು. ಮನೆಗೆ ಸುಣ್ಣ ಬಳಿಯುವಾಗ ಸಾಮಾನುಗಳನ್ನು ಹೊರಗಿಡಬಹುದು. ಲಕ್ಷಾಂತರ ಮನೆಗಳ ಬಚ್ಚಲನ್ನು ನಿಲ್ಲಿಸಲಾಗದು. ಹಳೆಯ ತೊಟ್ಟಿಗಳನ್ನು ಒಂದೊಂದಾಗಿ ಮುಚ್ಚಿ ಹೊಸ ಯಂತ್ರ ಕೂಡಿಸುವ ತಿಂಗಳುಗಳಲ್ಲಿ ಉಳಿದ ತೊಟ್ಟಿಗಳ ಮೇಲೆ ಭಾರ ಬೀಳುತ್ತದೆ. ಮಳೆ ಜೋರಾಗಿ ಬಂದರೆ ಅರೆಶುದ್ಧ ನೀರು ನೇರವಾಗಿ ಹಳ್ಳಕ್ಕೆ ಬೀಳುವ ಅಪಾಯವಿದೆ. ಆ ಹಳ್ಳದ ನೀರೇ ಕೆರೆಗೆ ಹೋಗುವುದಾದರೆ ಅಷ್ಟು ದಿನ ಪಂಪುಗಳನ್ನು ನಿಲ್ಲಿಸುತ್ತಾರೆಯೇ, ಕೆಳಗಿನ ಊರಿಗೆ ಮುನ್ಸೂಚನೆ ಕೊಡುವವರಾರು ಎಂಬುದು ಮೊದಲೇ ಬರಹದಲ್ಲಿರಬೇಕು.

ಕೆಳಗಿನ ಊರೆಂದಾಗ ಕೋಲಾರವಷ್ಟೇ ನಮ್ಮ ಕಣ್ಣಮುಂದೆ ನಿಲ್ಲಬಾರದು. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿನ ಕೆಲವರಪಳ್ಳಿ ಜಲಾಶಯವನ್ನು ಮುಟ್ಟುತ್ತದೆ. ಅಲ್ಲಿಯೂ ನೊರೆ ಎದ್ದುದುಂಟು. ನಾವು ಶುದ್ಧೀಕರಿಸಿದರೆ ಅವರಿಗೆ ಒಳಿತು. ಶುದ್ಧವಾದುದೆಲ್ಲವನ್ನೂ ಬೇರೆಡೆಗೆ ಎತ್ತಿಕೊಂಡರೆ ಬೇಸಿಗೆಯ ಹರಿವು ಕುಗ್ಗುತ್ತದೆ. ಎರಡನ್ನೂ ತೂಗಿ ನೋಡುವುದೇ ಅಂದಾಜು.

ವಿಚಿತ್ರವೆಂದರೆ, 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಕಾರ್ಖಾನೆಗಳ ಸಾಮೂಹಿಕ ತ್ಯಾಜ್ಯಜಲ ಘಟಕದ ಹೆಸರಿದೆ, ಊರಿನ ಕೊಳಚೆ ನೀರಿನ ಘಟಕದ ಹೆಸರಿಲ್ಲ. 1974ರ ಜಲ ಕಾಯಿದೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕೇ ಬೇಕು. ಆದರೆ ಜನರನ್ನು ಕೂಡಿಸಿ ಅಹವಾಲು ಆಲಿಸಬೇಕೆಂಬ ಕಡ್ಡಾಯ ಅಲ್ಲಿಲ್ಲ. ಆದ್ದರಿಂದ ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಸಮ್ಮತಿಪತ್ರದ ಷರತ್ತುಗಳನ್ನೂ ತಿಂಗಳ ಪರೀಕ್ಷಾ ಫಲಿತಾಂಶಗಳನ್ನೂ ಮಾಹಿತಿ ಹಕ್ಕಿನಡಿ ಗ್ರಾಮ ಪಂಚಾಯಿತಿಯ ಸದಸ್ಯರಾಗಲಿ, ಸಾಮಾನ್ಯ ಭಕ್ತರಾಗಲಿ ಪಡೆಯಬಹುದು. ಘಟಕ ಬದಲಾಗುವ ಮೊದಲಿನ ಸ್ಥಿತಿಯನ್ನು ಬೇಸಿಗೆಯಲ್ಲೂ ಮಳೆಗಾಲದಲ್ಲೂ ಅಳೆದು ದಾಖಲಿಸಿದ್ದಾರೆಯೇ ಎಂಬುದನ್ನು ತಪ್ಪದೆ ಕೇಳಿ. ಆ ಅಂಕಿಗಳಿಲ್ಲದಿದ್ದರೆ ನಾಳೆ ನೀರು ಸುಧಾರಿಸಿತೋ ಕೆಟ್ಟಿತೋ ಹೇಳಲು ಆಧಾರವೇ ಇರುವುದಿಲ್ಲ.

ಕಾಯಕಜೀವಿಗಳನ್ನು ಈ ಲೆಕ್ಕದಿಂದ ಹೊರಗಿಡುವುದು ಶರಣರ ಮಾರ್ಗದಲ್ಲಿರುವ ನಮಗೆ ತರವಲ್ಲ. ರಾಡಿಯ ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡು ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಏರಿದರೆ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ನಿಂತಿತೆಂದು ಕೆಳಗಿಳಿದವರು ಮೇಲೆ ಬಾರದ ಸುದ್ದಿಯನ್ನು ಎಷ್ಟು ಸಲ ಓದಿಲ್ಲ ನಾವು! ಹೊಸ ನಕ್ಷೆಯಲ್ಲಿ ಮನುಷ್ಯ ಇಳಿಯಬೇಕಾದ ಗುಂಡಿ ಒಂದೂ ಉಳಿಯದಂತೆ ನೋಡಿಕೊಳ್ಳಬೇಕಾದುದು ಈ ಹಂತದಲ್ಲಿಯೇ.

ಕೊನೆಯದಾಗಿ, ಇಂಥ ನೀರು ತುಂಬಿದ ಕೆರೆಯ ಅಂಚಿನಲ್ಲಿ ವಾಸಿಸುವ ಭಕ್ತರಿಗೆ ಒಂದು ಮಾತು. ಆ ಕೆರೆಗಳ ನೀರು ಅಂತರ್ಜಲ ಮರುಪೂರಣಕ್ಕೆಂದು ಬಿಟ್ಟದ್ದು. ಅದನ್ನು ನೇರವಾಗಿ ಕುಡಿಯಬಾರದು, ಮಕ್ಕಳನ್ನು ಈಜಲು ಬಿಡಬಾರದು. ಮಣ್ಣು ಸೋಸುತ್ತದೆಂಬುದು ಬಹುಮಟ್ಟಿಗೆ ನಿಜ. ಆದರೆ ಸಾರಜನಕ ನೈಟ್ರೇಟಿನ ರೂಪದಲ್ಲಿ ಮಣ್ಣನ್ನು ಸಲೀಸಾಗಿ ದಾಟಿ ಕೊಳವೆಬಾವಿಯನ್ನು ಸೇರಬಲ್ಲದು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಮು. ಮೀರಿದರೆ, ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಆರು ತಿಂಗಳೊಳಗಿನ ಕೂಸುಗಳ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಂಡು ತುಟಿ, ಉಗುರುಗಳು ನೀಲಿಗಟ್ಟಬಹುದು. ಮಳೆಗಾಲಕ್ಕೆ ಮೊದಲೊಮ್ಮೆ, ಅನಂತರವೊಮ್ಮೆ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿ, ಅಂಕಿಯನ್ನು ಬರೆದಿಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಅಂಥ ಮನೆಯಲ್ಲಿ ಎಳೆಗೂಸಿದ್ದರೆ ಪರೀಕ್ಷೆಯ ಫಲಿತಾಂಶ ಕೈಸೇರುವವರೆಗೆ ಅದಕ್ಕೆ ತಾಯಿಯ ಹಾಲನ್ನಲ್ಲದೆ ಬೇರೇನನ್ನೂ ಕೊಡದಿರುವುದು ಕ್ಷೇಮ.