ಆಟ ಮುಗಿದ ಮೇಲೆ ಉಳಿಯುವ ಸೀಸ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಟ್ರಾಟ್‌ಫರ್ಡ್‌ನ ಕಡಲದಂಡೆಯಲ್ಲಿ ರೆಮಿಂಗ್ಟನ್ ಕಂಪನಿಯ ಶೂಟಿಂಗ್ ಕ್ಲಬ್ ಒಂದಿತ್ತು. ಗಾಳಿಗೆ ಚಿಮ್ಮಿಸಿದ ಬಿಲ್ಲೆಗಳನ್ನು ಕೋವಿಯಿಂದ ಒಡೆಯುವ ಆಟ. ಸುಮಾರು 70 ವರ್ಷ ನಡೆದು 1986ರಲ್ಲಿ ನಿಂತಿತು. ಅಷ್ಟರಲ್ಲಿ ಅಲ್ಲಿನ ನೆಲಕ್ಕೂ ಕಡಲಿಗೂ ಬಿದ್ದ ಸೀಸದ ಚರೆ ಹತ್ತಿರಹತ್ತಿರ 2,400 ಟನ್ ಎಂದು ನ್ಯಾಯಾಲಯದ ದಾಖಲೆ ಹೇಳುತ್ತದೆ. ಉತ್ಪ್ರೇಕ್ಷೆ ಅನ್ನಿಸಬಹುದು. ಆದರೆ ಈಗಿನ ಒಲಿಂಪಿಕ್ ಟ್ರ್ಯಾಪ್ ಸ್ಪರ್ಧೆಯ ಒಂದು ತೋಟಾದಲ್ಲಿ 24 ಗ್ರಾಂ ಚರೆ ಇರುತ್ತದೆ; 125 ಬಿಲ್ಲೆಗಳಿಗೆ ಒಂದೊಂದೇ ಗುಂಡು ಹಾರಿಸಿದರೂ ಒಬ್ಬರ ಪಾಲು 3 ಕಿಲೊ.

ಸೀಸ ಗಟ್ಟಿ ಲೋಹ, ನೀರಿನಲ್ಲಿ ಕರಗುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ ಎಂಬ ವಾದವಿದೆ. ಅದು ಅರ್ಧ ಮಾತ್ರ ನಿಜ. ಗಾಳಿ, ತೇವ ತಗುಲಿದ ಚರೆಯ ಮೇಲೆ ಬಿಳಿಯ ಪದರ ಕಟ್ಟುತ್ತದೆ. ಮಣ್ಣು ಹುಳಿಯಾಗಿದ್ದರೆ ಆ ಪದರ ಕರಗಿ, ಸೀಸ ಮಳೆನೀರಿನೊಡನೆ ಹರಿಯುತ್ತದೆ. ಹಕ್ಕಿಗಳಿಗಂತೂ ಅಷ್ಟು ಕಾಲವೂ ಬೇಕಿಲ್ಲ. ಬಾತುಕೋಳಿಗಳು ಮೇವು ಅರೆಯಲೆಂದು ಸಣ್ಣ ಹರಳು ನುಂಗುತ್ತವೆ. ಚರೆಗೂ ಹರಳಿಗೂ ಅವಕ್ಕೆ ಭೇದ ತಿಳಿಯದು. ಹೊಟ್ಟೆಯ ಆಮ್ಲ, ಹರಳುಗಳ ತಿಕ್ಕಾಟ ಸೇರಿ ಸೀಸವನ್ನು ರಕ್ತಕ್ಕೆ ಇಳಿಸುತ್ತವೆ. ರೆಕ್ಕೆ ಜೋಲುತ್ತದೆ, ಹಿಕ್ಕೆ ಹಸಿರಾಗುತ್ತದೆ, ತಿಂದದ್ದು ಮುಂದೆ ಸಾಗದೆ ಹಕ್ಕಿ ಸೊರಗಿ ಸಾಯುತ್ತದೆ. ಜಲಪಕ್ಷಿಗಳ ಬೇಟೆಗೆ ಸೀಸದ ಚರೆಯನ್ನು ಅಮೆರಿಕ 1991ರಲ್ಲಿ ದೇಶದಾದ್ಯಂತ ನಿಷೇಧಿಸಿದ್ದು ಇದಕ್ಕೇ.

ಹಾಗಾದರೆ ಶೂಟಿಂಗ್ ಮೈದಾನವನ್ನು ಏನೆಂದು ಎಣಿಸಬೇಕು? ಸ್ಟ್ರಾಟ್‌ಫರ್ಡ್‌ನ ವಿಷಯದಲ್ಲಿ ಮೀನುಗಾರರ ಸಂಘ ಹೂಡಿದ ಮೊಕದ್ದಮೆ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. ಬಳಕೆಯ ಉದ್ದೇಶ ತೀರಿದ ಮೇಲೂ ವರ್ಷಗಟ್ಟಲೆ ರಾಶಿ ಬಿದ್ದ ಚರೆ ತ್ಯಾಜ್ಯವೇ ಎಂದು 1993ರಲ್ಲಿ ತೀರ್ಪು ಬಂತು. ನನ್ನ ವಾದವೂ ಅಷ್ಟೇ: ಸೀಸ ಬಳಸುವ ಬ್ಯಾಟರಿ ಕಾರ್ಖಾನೆಯಿಂದ ಕೇಳುವ ಲೆಕ್ಕವನ್ನು ಇಲ್ಲಿಯೂ ಕೇಳಬೇಕು.

ಹೀಗೆ ಮಾಡಿದರೆ ಕ್ರೀಡೆಯೇ ಸಾಯುತ್ತದೆ ಎನ್ನುವವರಿದ್ದಾರೆ. ಸೀಸದ ಬದಲು ಬಳಸಬೇಕಾದ ಉಕ್ಕಿನ ಚರೆ ಹಗುರ, ಬೇಗ ವೇಗ ಕಳೆದುಕೊಳ್ಳುತ್ತದೆ, ಕೆಲವು ಹಳೆಯ ಕೋವಿಗಳ ನಳಿಗೆಗೆ ಒಗ್ಗುವುದಿಲ್ಲ. ಈ ದೂರುಗಳಲ್ಲಿ ಹುರುಳಿದೆ. ಆದರೆ 1996ರಲ್ಲಿ ಸೀಸದ ಚರೆ ನಿಷೇಧಿಸಿದ ಡೆನ್ಮಾರ್ಕ್‌ನಲ್ಲಿ ಬೇಟೆಯೇನೂ ನಿಂತಿಲ್ಲ. ರೈಫಲ್ ಮೈದಾನಗಳಿಗಂತೂ ಈ ನೆಪವೂ ಸಲ್ಲದು. ಅಲ್ಲಿ ಗುಂಡುಗಳೆಲ್ಲ ಒಂದೇ ಮಣ್ಣಿನ ದಿಬ್ಬವನ್ನು ಹೊಗುತ್ತವೆ. ದಿಬ್ಬವನ್ನು ಆಗಾಗ ಜರಡಿ ಹಿಡಿದು ಸೀಸ ತೆಗೆದು ಗುಜರಿಗೆ ಮಾರಬಹುದು, ಸುಣ್ಣ ಬೆರೆಸಿ ಮಣ್ಣಿನ ಹುಳಿ ತಗ್ಗಿಸಬಹುದು, ಮಳೆನೀರು ನೇರವಾಗಿ ಹಳ್ಳಕ್ಕೆ ಇಳಿಯದಂತೆ ಬದು ಹಾಕಬಹುದು. ಇವನ್ನು ಪರವಾನಗಿ ಕೊಡುವಾಗಲೇ ಷರತ್ತಾಗಿ ಬರೆಯಬೇಕು; ಮೈದಾನ ಮುಚ್ಚಿದ ಮೇಲೆ ಖರ್ಚು ಯಾರದೆಂದು ಕೋರ್ಟಿಗೆ ಅಲೆಯುವುದಕ್ಕಿಂತ ಅದು ಅಗ್ಗ.